ಗೋಸುಂಬೆ ಮರಿ ಕಪ್ಪಾದರೆ ಏನರ್ಥ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಗೋಸುಂಬೆ ಮರಿ ಸಾಕುತ್ತಿರುವವರವೇ. ಹೆಚ್ಚಿನವರ ಬಳಿ ಇರುವುದು ವೇಲ್ಡ್ ಗೋಸುಂಬೆ. ಯೆಮನ್ ಮತ್ತು ಸೌದಿ ಅರೇಬಿಯಾದ ನೈರುತ್ಯ ಭಾಗದ ಈ ಪ್ರಾಣಿಯ ನೆತ್ತಿಯ ಮೇಲೆ ಎತ್ತರದ ಎಲುಬಿನ ಕಿರೀಟ ಇರುತ್ತದೆ. ಕೆಲವರ ಬಳಿ ಮಡಗಾಸ್ಕರ್‌ನ ಪ್ಯಾಂಥರ್ ಗೋಸುಂಬೆಯಿದೆ. ಕೆಳಗಿನ ಲೆಕ್ಕಗಳೆಲ್ಲ ವೇಲ್ಡ್‌ಗೆ ಸಂಬಂಧಿಸಿದವು. ಪ್ಯಾಂಥರ್‌ಗೆ ಬೇರೆಯಿದ್ದರೆ ಅಲ್ಲಲ್ಲೇ ಹೇಳಿದ್ದೇವೆ. ಎರಡೂ ಸಾಕಣೆಯಲ್ಲೇ ಹುಟ್ಟಿದ ಮರಿಗಳು ಎಂದುಕೊಂಡೇ ಉತ್ತರಿಸುತ್ತಿದ್ದೇವೆ. ಕಾಡಿನಿಂದ ಹಿಡಿದು ತಂದದ್ದು ನೀರಿಲ್ಲದೆ ಬಳಲಿ, ಹೊಟ್ಟೆ ತುಂಬ ಪರೋಪಜೀವಿ ಹೊತ್ತು ಬರುತ್ತದೆ. ಅದನ್ನು ಸಾಕಲು ಹೊರಡುವುದೇ ತಪ್ಪು.

ಮೂರು ತಿಂಗಳ ಮರಿ ಬೆಳಿಗ್ಗೆ ಕಡು ಕಂದು, ಒಮ್ಮೊಮ್ಮೆ ಕಪ್ಪಗೇ ಇರುತ್ತದೆ. ಹೊತ್ತೇರಿದಂತೆ ಹಸಿರಾಗುತ್ತದೆ. ಕಾಯಿಲೆಯೇ?

ಅಲ್ಲ, ಚಳಿ. ರಾತ್ರಿಯೆಲ್ಲ ತಣ್ಣಗಾದ ಮೈಯನ್ನು ಬಿಸಿ ಮಾಡಿಕೊಳ್ಳಲು ಗೋಸುಂಬೆ ಮೈಬಣ್ಣವನ್ನು ಗಾಢ ಮಾಡಿಕೊಳ್ಳುತ್ತದೆ. ಕಪ್ಪು ಬಣ್ಣ ಶಾಖವನ್ನು ಬೇಗ ಹೀರುತ್ತದೆ. ಗಮನವಿಟ್ಟು ನೋಡಿ: ಮೈಯನ್ನು ಎಲೆಯ ಹಾಗೆ ಚಪ್ಪಟೆ ಮಾಡಿ, ಅಗಲವಾದ ಪಕ್ಕವನ್ನು ಗೂಡಿನ ಶಾಖದ ದೀಪದ ಕಡೆಗೆ ತಿರುಗಿಸಿ ಕೂತಿರುತ್ತದೆ. ದೀಪದ ಕಡೆಯ ಪಕ್ಕ ಕಪ್ಪು, ಆಚೆಯ ಪಕ್ಕ ಇನ್ನೂ ತಿಳಿ ಹಸಿರು ಇರುವುದೂ ಉಂಟು. ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಯಲ್ಲಿ ಹಸಿರಿಗೆ ಮರಳಿ ಓಡಾಡತೊಡಗಿದರೆ ಎಲ್ಲ ಸರಿಯಿದೆ ಎಂದರ್ಥ. ಇದರ ತದ್ವಿರುದ್ಧವೂ ಇದೆ: ಶಾಖ ಹೆಚ್ಚಾದರೆ ಮೈ ಬಿಳಿಚುತ್ತದೆ, ಬಾಯಿ ಅರೆತೆರೆದು ಕೂರುತ್ತದೆ. ಆಗ ದೀಪ ತುಂಬ ಹತ್ತಿರವಿದೆ ಅಥವಾ ಅದರ ವ್ಯಾಟ್ ಜಾಸ್ತಿಯಾಗಿದೆ. ರಾತ್ರಿ ನಿದ್ದೆಯಲ್ಲೂ ಮೈ ಬಿಳಿಚಿಕೊಂಡಿರುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ.

ಸುತ್ತಲಿನ ಎಲೆ-ಕೊಂಬೆಯ ಬಣ್ಣಕ್ಕೆ ಹೊಂದಿಕೊಳ್ಳಲೆಂದು ಗೋಸುಂಬೆ ಬಣ್ಣ ಬದಲಿಸುತ್ತದೆ ಎಂಬ ನಂಬಿಕೆ ನಮ್ಮ ಮಾತಿನಲ್ಲೇ ಬೇರೂರಿದೆ. ಪಕ್ಷ ಬದಲಿಸುವವರನ್ನೆಲ್ಲ ಗೋಸುಂಬೆ ಎನ್ನುತ್ತೇವೆ, ಪಾಪ. ಬಣ್ಣ ಬದಲಾಗುವುದು ಹೆಚ್ಚಾಗಿ ಶಾಖ, ಬೆಳಕು ಮತ್ತು ಮನಸ್ಸಿನ ಸ್ಥಿತಿಗೆ ತಕ್ಕಂತೆ. ಅದರ ಚರ್ಮದ ಕೆಲವು ಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಸೂಕ್ಷ್ಮ ಹರಳುಗಳು ಜೋಡಣೆಯಾಗಿರುತ್ತವೆ. ಪ್ರಾಣಿ ನೆಮ್ಮದಿಯಾಗಿದ್ದಾಗ ಹರಳುಗಳು ಒತ್ತೊತ್ತಾಗಿದ್ದು ನೀಲಿಯನ್ನು ಪ್ರತಿಫಲಿಸುತ್ತವೆ; ಮೇಲಿನ ಪದರದ ಹಳದಿಯೊಂದಿಗೆ ಸೇರಿ ನಮಗೆ ಹಸಿರು ಕಾಣುತ್ತದೆ. ಕೆರಳಿದಾಗ ಹರಳುಗಳ ನಡುವಿನ ಅಂತರ ಹಿಗ್ಗಿ ಹಳದಿ, ಕಿತ್ತಳೆ, ಕೆಂಪು ಹೊಮ್ಮುತ್ತವೆ. ಪ್ಯಾಂಥರ್ ಗೋಸುಂಬೆಯಲ್ಲಿ ಇದನ್ನು ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿಕೊಟ್ಟರು. ಕಪ್ಪಾಗುವ ಬಗೆ ಬೇರೆ: ಚರ್ಮದ ಮೆಲನಿನ್ ಕೋಶಗಳಲ್ಲಿ ಕಪ್ಪು ಬಣ್ಣ ಹರಡಿಕೊಳ್ಳುತ್ತದೆ.

ಹಾಗಾಗಿ ಬಣ್ಣವೊಂದನ್ನೇ ಹಿಡಿದು ರೋಗ ನಿರ್ಧರಿಸಲು ಹೋಗಬೇಡಿ. ಹಗಲು ಹೊತ್ತಿನಲ್ಲಿ ಕಣ್ಣು ತೆರೆದಿದೆಯೇ, ಕಣ್ಣಿನ ಗೋಪುರ (ಕಣ್ಣನ್ನು ಸುತ್ತುವರಿದ ಶಂಕುವಿನಂಥ ರೆಪ್ಪೆ) ಉಬ್ಬಿ ತುಂಬಿಕೊಂಡಿದೆಯೇ, ಕೊಂಬೆಯ ಮೇಲೆ ಕಾಲಿನ ಹಿಡಿತ ಬಿಗಿಯಾಗಿದೆಯೇ, ಇವನ್ನು ನೋಡಿ. ದಿನವಿಡೀ ಕಡು ಬಣ್ಣ, ಜೊತೆಗೆ ಹಗಲಲ್ಲೇ ಕಣ್ಣು ಮುಚ್ಚಿ ಕೂರುವುದು, ಇವೆರಡೂ ಸೇರಿದರೆ ಕಾಯದೆ ಪಶುವೈದ್ಯರಲ್ಲಿಗೆ ಹೋಗಿ. ಹಗಲು ಕಣ್ಣು ಮುಚ್ಚುವ ಗೋಸುಂಬೆ ತೂಕಡಿಸುತ್ತಿಲ್ಲ, ಅದಕ್ಕೆ ಹುಷಾರಿಲ್ಲ.

ಸರಿಯಾಗಿ ಬೆಳೆಯುತ್ತಿದೆ ಎಂದು ತಿಳಿಯುವುದು ಹೇಗೆ? ಉದ್ದ ಅಳೆಯಬೇಕೆ?

ಬೇಡ. ಬಾಲ ಸುತ್ತಿಕೊಂಡ ಪ್ರಾಣಿಯನ್ನು ನೀಟಾಗಿ ಎಳೆದು ಅಳೆಯುವುದರಲ್ಲಿ ಅದಕ್ಕೂ ನಿಮಗೂ ಸುಖವಿಲ್ಲ. 0.1 ಗ್ರಾಂ ತನಕ ತೋರಿಸುವ ಅಡುಗೆಮನೆ ತಕ್ಕಡಿ ಸಾಕು. ತಕ್ಕಡಿಯ ಮೇಲೆ ಒಂದು ಕವಲುಕೊಂಬೆ ನಿಲ್ಲಿಸಿ, ಸೊನ್ನೆಗೆ ತಂದು, ಮರಿ ಅದರ ಮೇಲೆ ತಾನಾಗಿ ಹತ್ತುವಂತೆ ಮಾಡಿ. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಬೆಳಗಿನ ಊಟಕ್ಕೆ ಮುಂಚೆ ತೂಗಿ ಬರೆದಿಡಿ. ಆರು ತಿಂಗಳವರೆಗೆ ಪ್ರತಿ ವಾರ ಅಂಕಿ ಸ್ವಲ್ಪವಾದರೂ ಮೇಲೇರುತ್ತಿರಬೇಕು. ಒಂದು ವಾರ ನಿಂತರೆ ಪೊರೆ ಬಿಡುವ ಸಮಯವಿರಬಹುದು, ಮಲ ಹಾಕಿದ ಮೇಲೆ ತೂಗಿದ್ದಿರಬಹುದು. ಎರಡು ವಾರ ಸತತ ಇಳಿದರೆ ಮಲಪರೀಕ್ಷೆ ಮಾಡಿಸಿ.

ಮೊಟ್ಟೆಯಿಂದ ಹೊರಬಂದ ಮರಿ ಬಾಲವೂ ಸೇರಿ 7ರಿಂದ 10 ಸೆಂ.ಮೀ. ಪೂರ್ತಿ ಬೆಳೆದ ಗಂಡು 45ರಿಂದ 60 ಸೆಂ.ಮೀ., ಹೆಣ್ಣು 25ರಿಂದ 35. ಬೆಳವಣಿಗೆಯ ಬಹುಪಾಲು ಮೊದಲ ವರ್ಷದಲ್ಲೇ ಮುಗಿಯುತ್ತದೆ. ನಾಲ್ಕರಿಂದ ಆರು ತಿಂಗಳಿಗೆ ಪ್ರಾಯ ಬರುತ್ತದೆ. ಆಯಸ್ಸು ಗಂಡಿಗೆ ಸುಮಾರು 5ರಿಂದ 8 ವರ್ಷ. ಹೆಣ್ಣಿಗೆ ಅದಕ್ಕಿಂತ ಕಡಿಮೆ, ಮೊಟ್ಟೆಯಿಡುವ ಶ್ರಮದಿಂದಾಗಿ.

ಗಂಡೋ ಹೆಣ್ಣೋ ತಿಳಿಯಲು ಕಿರೀಟ ಬೆಳೆಯುವವರೆಗೆ ಕಾಯಬೇಕಿಲ್ಲ. ಹಿಂಗಾಲಿನ ಹಿಮ್ಮಡಿ ನೋಡಿ. ವೇಲ್ಡ್ ಗಂಡಿಗೆ ಹುಟ್ಟಿದ ದಿನದಿಂದಲೇ ಅಲ್ಲೊಂದು ಚಿಕ್ಕ ಮುಳ್ಳಿನಂಥ ಮೊಳಕೆ ಇರುತ್ತದೆ, ಹೆಣ್ಣಿಗೆ ಇಲ್ಲ. ಪ್ಯಾಂಥರ್‌ನಲ್ಲಿ ಈ ಗುರುತಿಲ್ಲ, ಬಾಲದ ಬುಡ ಉಬ್ಬುವುದನ್ನೂ ಬಣ್ಣ ಬರುವುದನ್ನೂ ಕಾಯಬೇಕು.

ಬೇಗ ದೊಡ್ಡದು ಮಾಡುವ ಆಸೆ ಬಿಡಿ. ಉಣಿಸಿ ಉಣಿಸಿ ಕೊಬ್ಬಿಸಿದ ಮರಿಯ ಕಿರೀಟದ ಪಕ್ಕದಲ್ಲಿ ಇರಬೇಕಾದ ಸಣ್ಣ ತಗ್ಗು ಉಬ್ಬಿಕೊಳ್ಳುತ್ತದೆ. ಗೋಸುಂಬೆ ಮೊದಲು ಕೊಬ್ಬು ಕೂಡಿಡುವ ಜಾಗಗಳಲ್ಲಿ ಅದೊಂದು.

ದಿನಕ್ಕೆ ಎಷ್ಟು ಹುಳ ಹಾಕಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ವಯಸ್ಸು ಹೇಳದೆ ಲೆಕ್ಕ ಹೇಳುವುದರಿಂದ ಬರುವ ಗೊಂದಲ ಇದು. ಮೂರು ತಿಂಗಳವರೆಗೆ ದಿನಕ್ಕೆರಡು ಸಲ, ಹತ್ತು-ಹದಿನೈದು ನಿಮಿಷದಲ್ಲಿ ತಿನ್ನುವಷ್ಟು. ಸಾಮಾನ್ಯವಾಗಿ ಒಟ್ಟು 12ರಿಂದ 20 ಪುಟ್ಟ ಹುಳ. ಮೂರರಿಂದ ಆರು ತಿಂಗಳು ದಿನಕ್ಕೊಮ್ಮೆ 10-12. ಆರು ತಿಂಗಳ ನಂತರ ದಿನ ಬಿಟ್ಟು ದಿನ 6-8. ವರ್ಷ ದಾಟಿದ ಮೇಲೆ ಎರಡು ಮೂರು ದಿನಕ್ಕೊಮ್ಮೆ ನಾಲ್ಕೈದು ಸಾಕು. ಹುಳದ ಅಗಲ ಮರಿಯ ಎರಡು ಕಣ್ಣುಗಳ ನಡುವಿನ ಅಂತರವನ್ನು ಮೀರಬಾರದು. ಮೊದಲ ವಾರಗಳಲ್ಲಿ ಹಾರಲಾರದ ಹಣ್ಣುನೊಣ ಮತ್ತು ಸಾಸಿವೆ ಗಾತ್ರದ ಚಿಮ್ಮಂಡೆ (ಹುಳ ಮಾರುವವರು ಕ್ರಿಕೆಟ್ ಎನ್ನುವುದು ಇದಕ್ಕೇ), ಆಮೇಲೆ ದೊಡ್ಡ ಚಿಮ್ಮಂಡೆ, ಸಾಕಿದ ಜಿರಳೆ, ರೇಷ್ಮೆಹುಳ, ಕಪ್ಪು ಸೈನಿಕ ನೊಣದ ಮರಿಹುಳ. ಮೇಣದ ಹುಳ ಬರೀ ಕೊಬ್ಬು. ತಿಂಗಳಿಗೊಂದೆರಡು ಸಲ ಮಿಠಾಯಿಯಂತೆ ಕೊಟ್ಟರೆ ಸಾಕು.

ಎಷ್ಟು ಎನ್ನುವುದಕ್ಕಿಂತ ದೊಡ್ಡ ವಿಷಯ ಆ ಹುಳದ ಹೊಟ್ಟೆಯಲ್ಲಿ ಏನಿದೆ ಎನ್ನುವುದು. ಚಿಮ್ಮಂಡೆಯಲ್ಲಿ ಕ್ಯಾಲ್ಸಿಯಂ ಕಡಿಮೆ, ರಂಜಕ ಹೆಚ್ಚು. ಬೆಳೆಯುವ ಮೂಳೆಗೆ ಬೇಕಾದ ಅನುಪಾತ ತಲೆಕೆಳಗು, ಕ್ಯಾಲ್ಸಿಯಂ ಎರಡು ಪಾಲಿಗೆ ರಂಜಕ ಒಂದು ಪಾಲು. ಆದ್ದರಿಂದ ತಿನ್ನಿಸುವ 24 ಗಂಟೆ ಮುಂಚಿನಿಂದ ಹುಳಗಳಿಗೆ ಕ್ಯಾರೆಟ್, ಸಿಹಿಗುಂಬಳ, ಸೊಪ್ಪು, ಕಿತ್ತಳೆ ತುಂಡು ಹಾಕಿ. ಆಮೇಲೆ ಹುಳಗಳನ್ನು ಒಂದು ಲೋಟಕ್ಕೆ ಹಾಕಿ, ಚಿಟಿಕೆ ಕ್ಯಾಲ್ಸಿಯಂ ಪುಡಿ ಉದುರಿಸಿ, ತಿಳಿಯಾಗಿ ಧೂಳು ಹತ್ತುವಂತೆ ಅಲುಗಿಸಿ. ಹಿಟ್ಟಿನಲ್ಲಿ ಹೊರಳಿಸಿದ ಹಾಗಾದರೆ ಮರಿ ಬಾಯಿಗೆ ಹಾಕಿ ಉಗುಳುತ್ತದೆ. ಪ್ರತಿ ಊಟಕ್ಕೂ ಡಿ3 ಜೀವಸತ್ವ ಇಲ್ಲದ ಬರಿಯ ಕ್ಯಾಲ್ಸಿಯಂ. ಡಿ3 ಮತ್ತು ಎ ಜೀವಸತ್ವ ಇರುವ ಮಲ್ಟಿವಿಟಮಿನ್ ಹದಿನೈದು ದಿನಕ್ಕೊಮ್ಮೆ. ಇವೆರಡನ್ನು ದಿನಾ ಹಾಕಿದರೆ ಮೈಯಲ್ಲಿ ಶೇಖರವಾಗುತ್ತವೆ. ಕೊರಳ ಕೆಳಗೆ ನೀರು ತುಂಬಿದ ಚೀಲದಂತೆ ಬಾವು ಬರುವ ಕಾರಣಗಳಲ್ಲಿ ಇದೂ ಒಂದು.

ತಿನ್ನದೆ ಉಳಿದ ಚಿಮ್ಮಂಡೆಯನ್ನು ರಾತ್ರಿ ಗೂಡಿನಲ್ಲಿ ಬಿಡಬೇಡಿ. ಮಲಗಿದ ಮರಿಯ ಕಾಲು, ಬಾಲ, ಕಣ್ಣಿನ ಅಂಚನ್ನು ಅದು ಕಚ್ಚುತ್ತದೆ. ಹುಳಗಳನ್ನು ನುಣುಪಾದ ಗೋಡೆಯ, ಒಳಗಿನಿಂದ ಹೊರಗೆ ಕಾಣದಂತಹ ಲೋಟದಲ್ಲಿಟ್ಟು ಕೊಂಬೆಗೆ ಕಟ್ಟಿದರೆ ಎಷ್ಟು ತಿಂದಿತೆಂಬ ಲೆಕ್ಕವೂ ಸಿಗುತ್ತದೆ. ಪಾರದರ್ಶಕ ಲೋಟವಾದರೆ ಮರಿ ಗೋಡೆಯ ಹೊರಗಿನಿಂದಲೇ ನಾಲಿಗೆ ಬೀಸಿ ಪೆಟ್ಟು ತಿನ್ನುತ್ತದೆ.

ಬಟ್ಟಲಿನಲ್ಲಿ ನೀರಿಟ್ಟಿದ್ದೇವೆ, ಒಂದು ಹನಿಯೂ ಕುಡಿಯುವುದಿಲ್ಲ.

ನಿಂತ ನೀರನ್ನು ಸಾಮಾನ್ಯವಾಗಿ ಗೋಸುಂಬೆ ಗುರುತಿಸುವುದೇ ಇಲ್ಲ. ಎಲೆಯ ಮೇಲೆ ಹೊಳೆದು ಜಾರುವ ಹನಿ ಅದಕ್ಕೆ ನೀರು. ದೀಪ ಹತ್ತುವ ಮುಂಚೆ ಒಮ್ಮೆ, ಆರಿದ ಮೇಲೆ ಒಮ್ಮೆ, ಎರಡು ನಿಮಿಷ ಮಂಜಿನಂತಹ ತುಂತುರು ಹಾಯಿಸಿ. ಮಧ್ಯಾಹ್ನ ಎಲೆಯ ಮೇಲೆ ನಿಧಾನವಾಗಿ ಹನಿ ಬೀಳುವಂತೆ ಒಂದು ಡ್ರಿಪ್ ಇಡಿ. ತಳದಲ್ಲಿ ನೀರು ಹೊರಹೋಗಲು ದಾರಿಯಿರಲಿ. ಬಟ್ಟಲು ತೆಗೆದುಬಿಡಿ, ಚಿಮ್ಮಂಡೆ ಬಿದ್ದು ಕೊಳೆಯುವುದಕ್ಕಷ್ಟೇ ಉಪಯೋಗ.

ನೀರು ಸಾಕಾಗುತ್ತಿದೆಯೇ ಎಂದು ಮಲವೇ ಹೇಳುತ್ತದೆ. ಕಂದು ಭಾಗದ ಜೊತೆ ಬರುವ ಯೂರೇಟ್ (ಮೂತ್ರದ ಗಟ್ಟಿ ಭಾಗ) ಗಟ್ಟಿ ಬಿಳಿಯಾಗಿದ್ದರೆ ಚೆನ್ನ. ತುದಿಯಲ್ಲಿ ತುಸು ಹಳದಿಯಿದ್ದರೂ ಪರವಾಗಿಲ್ಲ. ಪೂರ್ತಿ ಕಿತ್ತಳೆ ಬಣ್ಣವಾಗಿ, ಕಣ್ಣಿನ ಗೋಪುರ ಒಳಗೆ ಕುಸಿದಿದ್ದರೆ ನೀರಿನ ಕೊರತೆ. ಹಾಗೆಂದು ದಿನವಿಡೀ ಒದ್ದೆಯಾಗಿಡುವುದು ಅದಕ್ಕಿಂತ ಕೆಟ್ಟದ್ದು. ತುಂತುರು ನಿಂತ ಮೇಲೆ ಎಲೆಗಳು ಒಣಗಬೇಕು. ಹಗಲು ತೇವಾಂಶ 40-60 ಶೇಕಡಾ, ರಾತ್ರಿ ತಂಪಿನಲ್ಲಿ ಇನ್ನೂ ಹೆಚ್ಚು. ಬಿಸಿ, ತೇವ, ಗಾಳಿಯಿಲ್ಲದ ಗೂಡು, ಮೂರೂ ಸೇರಿದರೆ ಶ್ವಾಸಕೋಶದ ಸೋಂಕು ಖಾತ್ರಿ. ತಲೆ ಮೇಲೆತ್ತಿ ಬಾಯಿ ತೆರೆದು ಉಸಿರಾಡುವುದು, ಬಾಯಂಚಿನಲ್ಲಿ ನೊರೆ ಇದರ ಗುರುತು.

ಗೂಡು ಎಷ್ಟು ದೊಡ್ಡದಿರಬೇಕು? ಕಿಟಕಿಯ ಗಾಜಿನ ಬಳಿ ಇಟ್ಟರೆ ಬಿಸಿಲೇ ಸಾಕಲ್ಲವೇ?

ಎರಡನೆಯದಕ್ಕೆ ಮೊದಲು ಉತ್ತರ. ಸಾಕಾಗದು. ಕಿಟಕಿಯ ಗಾಜು ಬೆಳಕನ್ನೂ ಬಿಸಿಯನ್ನೂ ಒಳಬಿಟ್ಟು, ಮೂಳೆಗೆ ಬೇಕಾದ ಯುವಿಬಿ ಎಂಬ ನೇರಳಾತೀತ ಕಿರಣವನ್ನು ಹೊರಗೇ ತಡೆಯುತ್ತದೆ. ಗಾಜಿನ ಹಿಂದೆ ಕೂತ ಮರಿಗೆ ಸುಡುವ ಶಾಖ ಸಿಗುತ್ತದೆ, ಆ ಕಿರಣದಿಂದ ಚರ್ಮದಲ್ಲಿ ತಯಾರಾಗುವ ಡಿ3 ಸಿಗುವುದಿಲ್ಲ.

ಬೇಕಾದ್ದು ಉದ್ದನೆಯ ಟಿ5 (ತೆಳು ಟ್ಯೂಬ್‌ಲೈಟಿನ ಒಂದು ಅಳತೆ) ಯುವಿಬಿ ಕೊಳವೆ, ಯುವಿಬಿ ಪ್ರಮಾಣ 5 ಅಥವಾ 6 ಶೇಕಡಾದ್ದು. ಗೂಡಿನ ಮೇಲ್ಜಾಲರಿಯ ಮೇಲಿಟ್ಟು, ಮೇಲಿನ ಕೊಂಬೆ ಅದರಿಂದ 20-25 ಸೆಂ.ಮೀ. ಕೆಳಗಿರುವಂತೆ ಕಟ್ಟಿ. ವರ್ಷಕ್ಕೊಮ್ಮೆ ಬದಲಿಸಿ, ಹಳೆಯ ಕೊಳವೆ ಬೆಳಗುತ್ತಲೇ ಇರುತ್ತದೆ, ಯುವಿಬಿ ಕುಗ್ಗಿರುತ್ತದೆ. ಸುರುಳಿ ಬಲ್ಬಿನ ಯುವಿಬಿ ಸಣ್ಣ ಜಾಗಕ್ಕಷ್ಟೇ ತಾಗುತ್ತದೆ, ಬೇಡ. ಶಾಖಕ್ಕೆ ಪ್ರತ್ಯೇಕ ಸಾದಾ ಬಲ್ಬು. ಅದರ ಕೆಳಗಿನ ಕೊಂಬೆಯಲ್ಲಿ ಮರಿಯ ಬೆನ್ನಿನ ಎತ್ತರಕ್ಕೆ ಥರ್ಮಾಮೀಟರ್ ಇಟ್ಟು ಅಳೆದಾಗ 28-29 ಡಿಗ್ರಿ ಸೆಲ್ಸಿಯಸ್ ಇರಬೇಕು. ಬೆಳೆದ ಗಂಡಿಗೆ 30-32. ಕೆಳಗಿನ ಕೊಂಬೆಗಳಲ್ಲಿ 22-25. ರಾತ್ರಿ ದೀಪ ಯಾವುದೂ ಬೇಡ, 18-20ಕ್ಕಿಳಿದರೆ ಒಳ್ಳೆಯದೇ. ದಿನಕ್ಕೆ 12 ಗಂಟೆ ಬೆಳಕು, 12 ಗಂಟೆ ಪೂರ್ಣ ಕತ್ತಲು. ಇಲ್ಲಿ ಆಗುವ ತಪ್ಪೆಂದರೆ, ಮರಿ ಬೆಳೆದು ಅದರ ಕಿರೀಟ ಎತ್ತರವಾದರೂ ಕೊಂಬೆಯನ್ನು ಕೆಳಗಿಳಿಸದಿರುವುದು. ಅಳತೆ ತೆಗೆದದ್ದು ಬೆನ್ನಿನ ಮಟ್ಟದಲ್ಲಿ, ಸುಡುವುದು ಕಿರೀಟದ ತುದಿ. ಸುಟ್ಟ ಗಾಯ ಮೊದಲ ದಿನ ಬರೀ ಬಿಳಿ ಕಲೆಯಂತೆ ಕಾಣಬಹುದು.

ಗೂಡು ಪೂರ್ಣ ಬೆಳವಣಿಗೆಗೆ 60 × 60 × 120 ಸೆಂ.ಮೀ., ಜಾಲರಿಯದ್ದು, ಎತ್ತರ ಮುಖ್ಯ. ತೀರ ಚಿಕ್ಕ ಮರಿಯನ್ನು ಮೊದಲ ಎರಡು ಮೂರು ತಿಂಗಳು 40 × 40 × 60ರಲ್ಲಿಟ್ಟರೆ ಹುಳ ಹುಡುಕುವುದು ಅದಕ್ಕೆ ಸುಲಭ, ಅದನ್ನು ಹುಡುಕುವುದು ನಿಮಗೆ. ಗೂಡನ್ನು ನಿಮ್ಮ ಕಣ್ಣಿನ ಮಟ್ಟಕ್ಕಿಂತ ಮೇಲೆ ಇಡಿ. ಒಳಗೆ ಮನಿ ಪ್ಲಾಂಟ್, ಷೆಫ್ಲೆರಾ, ದಾಸವಾಳದಂತಹ ಜೀವಂತ ಗಿಡಗಳಿರಲಿ. ಕೀಟನಾಶಕ ಸಿಂಪಡಿಸಿರಬಹುದಾದ್ದರಿಂದ ತಂದ ಗಿಡದ ಎಲೆಗಳನ್ನು ತೊಳೆದು, ಮಣ್ಣು ಬದಲಿಸಿ ಇಡಿ. ವೇಲ್ಡ್ ಗೋಸುಂಬೆ ಎಲೆಯನ್ನೂ ತಿನ್ನುತ್ತದೆ.

ಎರಡು ತಿಂಗಳಿದ್ದಾಗ ಕೈ ಮೇಲೆ ಕೂರುತ್ತಿತ್ತು. ಈಗ ಐದು ತಿಂಗಳು, ಕೈ ಕಂಡರೆ ಬುಸುಗುಟ್ಟಿ ಬಾಯಿ ತೆರೆಯುತ್ತದೆ. ನಾವೇನು ತಪ್ಪು ಮಾಡಿದೆವು?

ಏನೂ ಇಲ್ಲ, ಪ್ರಾಯ ಬಂತು. ಎರಡು ತಿಂಗಳಲ್ಲಿ ಅದು ಕೂತದ್ದು ಪ್ರೀತಿಯಿಂದಲ್ಲ, ಓಡಲು ಧೈರ್ಯವಿಲ್ಲದೆ ಇರಬಹುದು. ಗೋಸುಂಬೆ ಒಂಟಿಯಾಗಿ ಬದುಕುವ ಪ್ರಾಣಿ. ಕೊರಳು ಉಬ್ಬಿಸುವುದು, ಮೈ ಚಪ್ಪಟೆ ಮಾಡಿ ದೊಡ್ಡದಾಗಿ ತೋರಿಸುವುದು, ಅತ್ತಿತ್ತ ತೂಗುವುದು, ಬುಸುಗುಟ್ಟುವುದು, ಬಾಯಿ ತೆರೆಯುವುದು, ಕೊನೆಗೆ ಕಚ್ಚುವುದು, ಹೀಗೆ ಸಾಲಾಗಿ ಎಚ್ಚರಿಕೆ ಕೊಡುತ್ತದೆ. ಮೊದಲನೆಯದರಲ್ಲೇ ಕೈ ಹಿಂದೆ ತೆಗೆದರೆ ಕೊನೆಯದು ಬರುವುದೇ ಇಲ್ಲ. ವೇಲ್ಡ್ ಗಂಡು ಸ್ವಭಾವತಃ ಸಿಡುಕು. ಪ್ಯಾಂಥರ್ ಸಾಮಾನ್ಯವಾಗಿ ತುಸು ಸಮಾಧಾನಿ.

ಪಳಗಿಸುವುದು ಎನ್ನುವುದಕ್ಕಿಂತ ನಿಮ್ಮ ಕೈಯನ್ನು ಸಹಿಸಲು ಕಲಿಸುವುದು ಎನ್ನೋಣ. ಮೊದಲ ವಾರ ಬಾಗಿಲು ತೆರೆದು, ಒಂದು ಮಾರು ದೂರದಲ್ಲಿ ಕೂತು ಎದ್ದು ಹೋಗಿ. ಎರಡನೆಯ ವಾರ ಅದಕ್ಕೆ ಇಷ್ಟವಾದ ಹುಳವನ್ನು ಉದ್ದನೆಯ ಚಿಮಟದಲ್ಲಿ ಹಿಡಿದು, ಬಾಯಿಯ ಎದುರು 15 ಸೆಂ.ಮೀ. ದೂರ, ಅಲುಗಾಡದೆ ಕಾಯಿರಿ. ಕಣ್ಣುಗಳೆರಡೂ ಮುಂದಕ್ಕೆ ತಿರುಗಿ ಒಂದೇ ಗುರಿಯಲ್ಲಿ ನಿಲ್ಲುತ್ತವೆ, ಬಾಯಿ ಸ್ವಲ್ಪ ತೆರೆದು ನಾಲಿಗೆಯ ತುದಿ ಇಣುಕುತ್ತದೆ. ಆ ಕ್ಷಣಕ್ಕೆ ಕೈ ಕದಲಿಸಿದರೆ ಅವತ್ತಿನ ಪಾಠ ಹಾಳು. ಅದು ಒಗ್ಗಿದ ಮೇಲೆ ಚಿಮಟ ಬಿಟ್ಟು ಅಂಗೈಯಲ್ಲಿ ಹುಳ ಇಡಿ. ಆಮೇಲೆ ಅಂಗೈಯನ್ನು ಅದರ ಕೊರಳಿಗಿಂತ ಕೆಳಗೆ, ಕೊಂಬೆಯ ಮುಂದುವರಿಕೆಯಂತೆ ಚಾಚಿ, ತಾನಾಗಿ ಕಾಲಿಡುವವರೆಗೆ ಕಾಯಿರಿ. ಮೇಲಿನಿಂದ ಎಂದೂ ಕೈ ಇಳಿಸಬೇಡಿ. ಮೇಲಿನಿಂದ ಬರುವುದೆಲ್ಲ ಅದರ ಲೆಕ್ಕದಲ್ಲಿ ಹದ್ದು. ಕೊಂಬೆಯಿಂದ ಎಳೆದು ತೆಗೆಯುವುದೂ ಬೇಡ. ಇಕ್ಕಳದಂತಹ ಆ ಪಾದ ಸುಲಭದಲ್ಲಿ ಬಿಡುವುದಿಲ್ಲ, ಉಗುರೋ ಕಾಲೋ ಮುರಿಯುತ್ತದೆ.

ಎಷ್ಟು ಮಾಡಿದರೂ ಒಪ್ಪದ ಮರಿಗಳಿವೆ. ಅಂಥದ್ದನ್ನು ನೋಡಿ ಸಂತೋಷಪಡಿ, ಮುಟ್ಟಬೇಡಿ.

ಒಡಹುಟ್ಟಿದ ಎರಡು ಮರಿ ಒಂದೇ ಗೂಡಿನಲ್ಲಿವೆ. ಜಗಳವಿಲ್ಲ. ಒಂದು ದೊಡ್ಡದಾಗಿದೆ, ಇನ್ನೊಂದು ಸಣ್ಣ.

ಜಗಳ ನಡೆಯುತ್ತಿದೆ, ನಿಮಗೆ ಕಾಣುತ್ತಿಲ್ಲ. ದೊಡ್ಡದು ಮೇಲಿನ ಕೊಂಬೆಯಲ್ಲಿ ಕೂತಿದ್ದರೆ ಸಾಕು, ಸಣ್ಣದು ಶಾಖಕ್ಕೂ ಬರುವುದಿಲ್ಲ, ಊಟಕ್ಕೂ ಬರುವುದಿಲ್ಲ. ಇಂದೇ ಬೇರೆ ಮಾಡಿ, ಗೂಡುಗಳ ನಡುವೆ ಪರದೆ ಕಟ್ಟಿ. ಗೂಡಿನ ಹತ್ತಿರ ಕನ್ನಡಿ ಅಥವಾ ಹೊಳೆಯುವ ಗಾಜಿದ್ದರೆ ಅದನ್ನೂ ಸರಿಸಿ. ತನ್ನ ಬಿಂಬವೂ ಅದಕ್ಕೆ ಶತ್ರುವೇ.

ನಾಲಿಗೆ ಹುಳದವರೆಗೆ ತಲುಪುತ್ತಿಲ್ಲ. ಮುಂಗಾಲು ಸ್ವಲ್ಪ ಬಾಗಿದೆ. ಕ್ಯಾಲ್ಸಿಯಂ ಹೆಚ್ಚಿಸಿದರೆ ಸಾಕೇ?

ಸಾಲದು, ತಡಮಾಡಬೇಡಿ. ನೀವು ಬರೆದಿರುವುದು ಮೂಳೆ ಮೆತ್ತಗಾಗುವ ಕಾಯಿಲೆಯ ಗುರುತು. ಗೋಸುಂಬೆಯ ನಾಲಿಗೆ ಮೈಯ ಉದ್ದಕ್ಕಿಂತ ಹೆಚ್ಚು ದೂರ ಚಿಮ್ಮುತ್ತದೆ. ಅದನ್ನು ಚಿಮ್ಮಿಸುವ ಸ್ನಾಯುಗಳು ಒಂದು ಸಣ್ಣ ಮೂಳೆಯ ಸುತ್ತ ಇವೆ, ಸ್ನಾಯು ಬಿಗಿಯಲು ರಕ್ತದಲ್ಲಿ ಕ್ಯಾಲ್ಸಿಯಂ ಬೇಕು. ಅದು ಇಳಿದಾಗ ಗುರಿ ತಪ್ಪುವುದು, ನಡುಗುವುದು, ನಡೆಯುವಾಗ ತನ್ನದೇ ಕಾಲನ್ನು ಹಿಡಿದುಕೊಳ್ಳುವುದು, ದವಡೆ ರಬ್ಬರಿನಂತಾಗುವುದು ಒಂದೊಂದಾಗಿ ಬರುತ್ತವೆ. ಯುವಿಬಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ಒಳಕ್ಕೇ ಹೋಗದು, ಹಾಗಾಗಿ ಪುಡಿಯೊಂದರಿಂದ ಪ್ರಯೋಜನವಿಲ್ಲ. ಸರೀಸೃಪ ಬಲ್ಲ ಪಶುವೈದ್ಯರು ಎಕ್ಸ್‌ರೇ ನೋಡಿ ಕ್ಯಾಲ್ಸಿಯಂ ದ್ರಾವಣ ಕೊಡುತ್ತಾರೆ. ಅಲ್ಲಿಯವರೆಗೆ ಕೊಂಬೆಗಳನ್ನು ತಗ್ಗಿಸಿ, ತಳಕ್ಕೆ ಮೆತ್ತನೆ ಬಟ್ಟೆ ಹಾಸಿ, ಹುಳವನ್ನು ಬಾಯಿಯ ಹತ್ತಿರವೇ ಹಿಡಿಯಿರಿ. ಬೆಳವಣಿಗೆ ಮುಂದುವರಿಯುತ್ತದೆ, ಬಾಗಿದ ಕಾಲು ಪೂರ್ತಿ ನೆಟ್ಟಗಾಗುವುದು ಅಪರೂಪ.

ಆರು ತಿಂಗಳ ಹೆಣ್ಣು ಮೂರು ದಿನದಿಂದ ಗೂಡಿನ ತಳದಲ್ಲೇ ಓಡಾಡುತ್ತಿದೆ, ತಿನ್ನುತ್ತಿಲ್ಲ. ಗಂಡಿನ ಜೊತೆ ಬಿಟ್ಟೇ ಇಲ್ಲ.

ಗಂಡು ಬೇಕಿಲ್ಲ. ವೇಲ್ಡ್ ಹೆಣ್ಣು ಒಂಟಿಯಾಗಿದ್ದರೂ ಪೊಳ್ಳು ಮೊಟ್ಟೆ ಇಡುತ್ತದೆ. ಈಗ ಅದಕ್ಕೆ ಬೇಕಾದ್ದು ಅಗೆಯಲು ಜಾಗ. ಕನಿಷ್ಠ 30 ಸೆಂ.ಮೀ. ಆಳ, ಅಷ್ಟೇ ಅಗಲದ ಡಬ್ಬಿಗೆ ತೊಳೆದ ಮರಳು ಅಥವಾ ಮರಳು-ಮಣ್ಣು ಬೆರೆಸಿ ತುಂಬಿ. ಹದ ಹೀಗೆ ನೋಡಿ: ಬೆರಳಿನಿಂದ ತೂತು ಮಾಡಿದರೆ ಕುಸಿಯಬಾರದು, ಹಿಂಡಿದರೆ ನೀರು ಒಸರಬಾರದು. ಗೂಡಿನ ಆ ಭಾಗಕ್ಕೆ ಹೊರಗಿನಿಂದ ಬಟ್ಟೆ ಮುಚ್ಚಿ. ಅಗೆಯುವಾಗ ನಿಮ್ಮನ್ನು ಕಂಡರೆ ಗುಂಡಿ ಬಿಟ್ಟು ಎದ್ದುಬಿಡುತ್ತದೆ, ಮೊಟ್ಟೆ ಹೊಟ್ಟೆಯಲ್ಲೇ ಉಳಿಯುತ್ತದೆ. ಒಂದೆರಡು ದಿನದಲ್ಲಿ ಮೊಟ್ಟೆಯಿಡದೆ ಸುಸ್ತಾಗಿ ಕಣ್ಣು ಮುಚ್ಚಿದರೆ ತುರ್ತು ಚಿಕಿತ್ಸೆ ಬೇಕು. ಮೊಟ್ಟೆ ಸಿಕ್ಕಿಕೊಂಡು ಸಾಯುವ ಹೆಣ್ಣುಗಳು ಬಹಳ. ಇಟ್ಟ ಮೇಲೆ ನೀರು, ಕ್ಯಾಲ್ಸಿಯಂ ಹಾಕಿದ ಊಟ ನಾಲ್ಕೈದು ದಿನ ಧಾರಾಳವಾಗಿ ಕೊಡಿ. ಅದಾದ ಬಳಿಕ ಕೈ ಬಿಗಿ ಮಾಡಿ: ದಿನ ಬಿಟ್ಟು ದಿನ ಎರಡು ಮೂರು ಹುಳ, ಶಾಖದ ಕೊಂಬೆ 27ಕ್ಕೆ. ಹೊಟ್ಟೆಬಿರಿಯ ಉಂಡ ಹೆಣ್ಣು ಒಂದೇ ಸಲ 60ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಹಿತಮಿತವಾಗಿ ಉಂಡದ್ದು 20-30.

ಚುಟುಕು

*ಬಾಲದ ತುದಿ ತುಂಡಾಗಿದೆ. ಹಲ್ಲಿಯ ಹಾಗೆ ಮತ್ತೆ ಬರುತ್ತದೆಯೇ?* ಇಲ್ಲ. ಐದನೆಯ ಕೈ ಹೋದಂತೆಯೇ ಲೆಕ್ಕ. ಗಾಯ ಕಪ್ಪಾಗಿ ಮೇಲಕ್ಕೆ ಹರಡಿದರೆ ವೈದ್ಯರಿಗೆ ತೋರಿಸಿ.

*ದೀಪದ ಸುತ್ತ ಬರುವ ಹುಳ ಹಿಡಿದು ಹಾಕಬಹುದೇ?* ಕೀಟನಾಶಕದ ಭಯವಿದೆ, ಬೇಡ. ಮಿಂಚುಹುಳವನ್ನಂತೂ ಎಂದೂ ಹಾಕಬೇಡಿ. ಕೆಲವು ಜಾತಿಯವು ಒಂದೇ ಒಂದು ಸಾಕು, ಮರಿಯ ಹೃದಯ ನಿಲ್ಲಿಸಲು.

*ಪೊರೆ ಚೂರುಚೂರಾಗಿ ನೇತಾಡುತ್ತಿದೆ, ಕೀಳಬಹುದೇ?* ಹಾವಿನಂತೆ ಒಂದೇ ಅಂಗಿಯಾಗಿ ಬಿಡುವುದಿಲ್ಲ, ಹೀಗೇ ತೇಪೆತೇಪೆಯಾಗಿ ಉದುರುತ್ತದೆ. ಕೀಳಬೇಡಿ, ತುಂತುರು ಒಂದು ಸಲ ಹೆಚ್ಚಿಸಿ. ಬೆರಳು, ಬಾಲದ ತುದಿಗೆ ಉಂಗುರದಂತೆ ಸುತ್ತಿಕೊಂಡು ಉಳಿದರೆ ಮಾತ್ರ ಒದ್ದೆ ಹತ್ತಿಯಿಂದ ನೆನೆಸಿ ಸಡಿಲಿಸಿ.

*ಕಣ್ಣನ್ನು ದೊಡ್ಡ ಬಲೂನಿನಂತೆ ಉಬ್ಬಿಸಿ ಗಿರಗಿರ ತಿರುಗಿಸಿತು, ನೋಡಿ ಹೆದರಿದೆವು.* ಕಣ್ಣಿನೊಳಗಿನ ಕಸ ತೆಗೆಯುತ್ತಿದೆ, ಇಲ್ಲವೇ ಪೊರೆ ಸಡಿಲಿಸುತ್ತಿದೆ. ಕೆಲವೇ ನಿಮಿಷದಲ್ಲಿ ಮೊದಲಿನಂತಾದರೆ ಏನೂ ಮಾಡಬೇಕಿಲ್ಲ. ಮರುದಿನವೂ ಊದಿಕೊಂಡೇ ಇದ್ದರೆ ಒಂದೆರಡು ಸಲ ಬೆಚ್ಚನೆಯ ತುಂತುರು ಹಾಯಿಸಿ. ಆಗಲೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಮನುಷ್ಯರ ಕಣ್ಣಿನ ಹನಿ ಹಾಕಬೇಡಿ.